ಕೆಂಪು ಗೆರೆ ಬೀಳದ ತಪ್ಪು

ಪ್ರಶ್ನೆ: ನಮ್ಮ ರೈತ ಸಂಘದ ಪತ್ರವ್ಯವಹಾರವನ್ನು ನಾನು ನೋಡಿಕೊಳ್ಳುತ್ತೇನೆ. ಮೊನ್ನೆ ಮನವಿಯೊಂದನ್ನು ಆನ್‌ಲೈನ್ ತಂತ್ರಾಂಶದಲ್ಲಿ ಟೈಪ್ ಮಾಡಿ, ಕೆಂಪು ಗೆರೆಗಳೆಲ್ಲ ಹೋದ ಮೇಲೆಯೇ ಕಳುಹಿಸಿದೆ. ಆದರೂ ‘ತೊಗರಿ ಬೆಲೆ ಕುಸಿದಿದೆ’ ಎನ್ನಬೇಕಾದಲ್ಲಿ ‘ತೊಗರಿ ಬೆಳೆ ಕುಸಿದಿದೆ’ ಎಂದು ಹೋಗಿತ್ತು. ಅದೇ ನಮ್ಮ ಹಳ್ಳಿಗಳ ಹೆಸರುಗಳು ಸರಿಯಾಗಿದ್ದರೂ ಅವುಗಳ ಕೆಳಗೆ ಗೆರೆ ಬೀಳುತ್ತದೆ. ಇಂಥ ಪರಿಶೀಲನೆಯನ್ನು ಎಷ್ಟರಮಟ್ಟಿಗೆ ನಂಬಬಹುದು?
– ಓದುಗರು, ಚಿತ್ತಾಪುರ, ಕಲಬುರಗಿ ಜಿಲ್ಲೆ

ಉತ್ತರ: ಪದಪಟ್ಟಿಯನ್ನು ಆಧರಿಸಿದ ಪರಿಶೀಲಕದ ಕೆಂಪು ಗೆರೆ ಹೇಳುವುದು ಒಂದೇ ಮಾತನ್ನು: ಈ ಪದ ನನ್ನ ಪಟ್ಟಿಯಲ್ಲಿಲ್ಲ. ಬೆಲೆ, ಬೆಳೆ, ಬೇಳೆ ಮೂರೂ ಶುದ್ಧ ಕನ್ನಡ ಪದಗಳಾದ್ದರಿಂದ ಒಂದರ ಜಾಗದಲ್ಲಿ ಇನ್ನೊಂದು ಬಂದರೆ ಅದಕ್ಕೆ ತಿಳಿಯುವುದಿಲ್ಲ. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ತೊಗರಿಯ ನಾಡಿನಲ್ಲಿ ಈ ಮೂರು ಪದಗಳಿಲ್ಲದೆ ಒಂದು ಮನವಿಯನ್ನೂ ಬರೆಯಲಾಗದು. ಹಾಗಾಗಿ ನಿಮ್ಮ ಕಳವಳ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಸರಿಯಾದ ಪದಕ್ಕೂ ಗೆರೆ ಬೀಳಲು ಕನ್ನಡದ ರಚನೆಯೂ ಒಂದು ಕಾರಣ. ‘ಬೆಳೆಗಾರರಿಗಾದರೂ’ ಎಂಬ ಒಂದೇ ಪದದಲ್ಲಿ ಬೆಳೆ, ಗಾರ, ಬಹುವಚನ, ವಿಭಕ್ತಿ, ‘ಆದರೂ’ ಎಲ್ಲವೂ ಕೂಡಿಕೊಂಡಿವೆ. ಹೀಗೆ ಒಂದು ನಾಮಪದದಿಂದ ಹುಟ್ಟುವ ರೂಪಗಳನ್ನೆಲ್ಲ ಪಟ್ಟಿಯಲ್ಲಿ ಹಿಡಿದಿಡುವುದು ಕಷ್ಟ. ಪ್ರತ್ಯಯಗಳನ್ನು ಬಿಡಿಸಿ ನೋಡಬಲ್ಲ ತಂತ್ರಾಂಶಕ್ಕೆ ಮಾತ್ರ ಅವು ದಕ್ಕುತ್ತವೆ. ಊರುಗಳ ಹೆಸರಿಗೆ ಪರಿಹಾರ ಸುಲಭ: ಗೂಗಲ್ ಡಾಕ್ಸ್‌ನಲ್ಲಾದರೆ ಟೂಲ್ಸ್ ಪಟ್ಟಿಯ ‘ಸ್ಪೆಲ್ಲಿಂಗ್ ಆ್ಯಂಡ್ ಗ್ರಾಮರ್’ ಅಡಿಯಲ್ಲಿರುವ ‘ಪರ್ಸನಲ್ ಡಿಕ್ಷನರಿ’ಗೆ ಅವುಗಳನ್ನು ಒಮ್ಮೆ ಸೇರಿಸಿಬಿಡಿ. ಆದರೆ ಸೇರಿಸುವ ಮುನ್ನ ಅಕ್ಷರಗಳನ್ನು ಇನ್ನೊಮ್ಮೆ ನೋಡಿಕೊಳ್ಳಿ, ಏಕೆಂದರೆ ತಪ್ಪು ರೂಪ ಸೇರಿಕೊಂಡರೆ ಅದೂ ಮುಂದೆ ಸರಿಯೆಂದೇ ದಾಟಿಹೋಗುತ್ತದೆ. ಅದೇ ಟೂಲ್ಸ್‌ನ ‘ಪ್ರಿಫರೆನ್ಸಸ್’ನಲ್ಲಿ ಕಾಗುಣಿತವನ್ನು ತಾನಾಗಿ ತಿದ್ದುವ ಆಯ್ಕೆಯಿದೆ, ಹೆಸರುಗಳೇ ಹೆಚ್ಚಿರುವ ಪತ್ರ ಬರೆಯುವಾಗ ನಾನಂತೂ ಅದನ್ನು ನಿಲ್ಲಿಸಿಡುತ್ತೇನೆ.

ಸಂಘದ ಹಳೆಯ ಕಡತಗಳು ‘ನುಡಿ’ ಎಂಬ ಕನ್ನಡ ತಂತ್ರಾಂಶದ, ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಜಾಗತಿಕ ಪದ್ಧತಿ) ಅಲ್ಲದ ಫಾಂಟಿನಲ್ಲಿದ್ದರೆ ಪರಿಶೀಲನೆಯೇ ನಡೆಯದು. ಅಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡವಾದರೂ ಒಳಗೆ ದಾಖಲಾಗಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳು. ಪರಿವರ್ತಕದ ಮೂಲಕ ಅವುಗಳನ್ನು ಮೊದಲು ಯೂನಿಕೋಡ್‌ಗೆ ತನ್ನಿರಿ. ಪರಿವರ್ತನೆಯಲ್ಲಿ ಒತ್ತಕ್ಷರಗಳು ಕೆಡುವುದುಂಟು, ಅವುಗಳ ಮೇಲೆ ಕಣ್ಣಿರಲಿ.

ಬೆಲೆ–ಬೆಳೆ ಗೊಂದಲಕ್ಕೆ ನಾನು ಅನುಸರಿಸುವ ಕ್ರಮ ಹೀಗಿದೆ: ಬರಹ ಮುಗಿದ ಮೇಲೆ ಕಂಟ್ರೋಲ್ ಮತ್ತು ಎಫ್ ಕೀಲಿಗಳನ್ನು ಒಟ್ಟಿಗೆ ಒತ್ತಿ ‘ಬೆಳೆ’ ಎಂದು ಹುಡುಕುತ್ತೇನೆ, ಸಿಕ್ಕ ಪ್ರತಿಯೊಂದು ವಾಕ್ಯವನ್ನೂ ಬಾಯಿಬಿಟ್ಟು ಓದುತ್ತೇನೆ, ಬಳಿಕ ‘ಬೆಲೆ’ ಮತ್ತು ‘ಬೇಳೆ’ಗಳಿಗೂ ಹಾಗೆಯೇ ಮಾಡುತ್ತೇನೆ. ಎರಡು ಪುಟದ ಮನವಿಗೆ ಇದು ಕೆಲವೇ ನಿಮಿಷಗಳ ಕೆಲಸ.