ಬೀದಿಯ ಹೆಸರಿಲ್ಲದ ವಿಳಾಸ

ನಿಮ್ಮ ಪತ್ರ ಓದಿದೆ. ಕೆನಡಾದ ಲಾಯ್ಡ್‌ಮಿನ್‌ಸ್ಟರ್ ಹೊರಗಿನ ಕೃಷಿಯಂತ್ರ ದುರಸ್ತಿ ಅಂಗಡಿಯಲ್ಲಿ ನಿಮಗೆ ಕೆಲಸ ಸಿಕ್ಕಿದೆ. ಬಾಡಿಗೆಗೆ ಗೊತ್ತುಮಾಡಿದ ಮನೆಗೆ ಬೀದಿಯ ಹೆಸರಿಲ್ಲ, ‘ಎನ್‌ಡಬ್ಲ್ಯು 14-50-2-ಡಬ್ಲ್ಯು4’ ಎಂಬ ಅಂಕಿಗಳಷ್ಟೇ ಇವೆ. ಅಕ್ಕಪಕ್ಕ ಇನ್ನೊಂದು ಮನೆ ಕಾಣದ ಆ ಬಯಲಿನಲ್ಲಿ ಹೆಂಡತಿ, ಮಗುವನ್ನು ಕಟ್ಟಿಕೊಂಡು ಬಾಳಲು ಆದೀತೇ ಎಂದು ಕೇಳಿದ್ದೀರಿ. ಆ ಅಂಕಿಗಳ ಅರ್ಥವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ನೀವು ಅಂಜುತ್ತಿರುವ ಒಂಟಿತನ ಹುಟ್ಟಿದ್ದೂ ಅವುಗಳಿಂದಲೇ.

ನಮ್ಮ ಕಡೆ ಮೊದಲು ಊರು ಬೆಳೆಯಿತು, ಸರ್ವೆ ನಂಬರು, ಬಾಂದುಕಲ್ಲು ಆಮೇಲೆ ಬಂದವು. ಇಲ್ಲಿ ಮೊದಲು ಬಂದದ್ದು ಗೆರೆ. ಕೆನಡಾ ಸರ್ಕಾರ 1872ರಲ್ಲಿ ಡೊಮಿನಿಯನ್ ಲ್ಯಾಂಡ್ಸ್ ಕಾಯಿದೆಯನ್ನು ಮಾಡಿ, ಪಶ್ಚಿಮದ ಬಯಲನ್ನು ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಗಳಾಗಿ ಅಳೆಸಿತು. ಅಂಥ ಒಂದು ಚೌಕವೇ ಟೌನ್‌ಶಿಪ್. ಹೆಸರಿನಲ್ಲಿ ‘ಟೌನ್’ ಇದ್ದರೂ ಅದರಲ್ಲಿ ಒಂದು ಗುಡಿಸಲೂ ಇರಬೇಕೆಂದಿಲ್ಲ. ಪ್ರತಿ ಟೌನ್‌ಶಿಪ್‌ನಲ್ಲಿ 36 ಸೆಕ್ಷನ್‌ಗಳು, ಒಂದೊಂದೂ 640 ಎಕರೆ. ಆಗ್ನೇಯ ಮೂಲೆಯಿಂದ ಎಣಿಕೆ ಶುರುವಾಗಿ, ನೇಗಿಲ ಸಾಲಿನಂತೆ ಒಮ್ಮೆ ಪಶ್ಚಿಮಕ್ಕೆ, ಮುಂದಿನ ಸಾಲಿನಲ್ಲಿ ತಿರುಗಿ ಪೂರ್ವಕ್ಕೆ ಸಾಗುತ್ತದೆ. ಸೆಕ್ಷನ್ನಿನ ಕಾಲುಭಾಗವಾದ 160 ಎಕರೆಗೆ ಇಲ್ಲಿನವರು ‘ಕ್ವಾರ್ಟರ್’ ಎನ್ನುತ್ತಾರೆ. ಹಾಗಾಗಿ ನಿಮ್ಮ ಮನೆ ಇರುವುದು ಅಳತೆಗೆ ಆಧಾರವಾಗಿ ಉತ್ತರ-ದಕ್ಷಿಣಕ್ಕೆ ಎಳೆದ ನಾಲ್ಕನೆಯ ಮಧ್ಯಾಹ್ನ ರೇಖೆಯ ಪಶ್ಚಿಮಕ್ಕೆ, ಎರಡನೆಯ ರೇಂಜಿನಲ್ಲಿ (ರೇಂಜ್ ಎಂದರೆ ಉತ್ತರ-ದಕ್ಷಿಣವಾಗಿ ಸಾಗುವ ಟೌನ್‌ಶಿಪ್‌ಗಳ ಸಾಲು), ಅಮೆರಿಕದ ಗಡಿಯಿಂದ ಎಣಿಸಿದರೆ ಐವತ್ತನೆಯ ಟೌನ್‌ಶಿಪ್‌ನ 14ನೇ ಸೆಕ್ಷನ್ನಿನ ವಾಯವ್ಯ ಕ್ವಾರ್ಟರಿನಲ್ಲಿ. ಆ ಮಧ್ಯಾಹ್ನ ರೇಖೆಯೇ ಲಾಯ್ಡ್‌ಮಿನ್‌ಸ್ಟರ್‌ನ ನಡುಬೀದಿ. ಅಲ್ಲಿಂದ ನಿಮ್ಮ ಮನೆ ಸುಮಾರು ಎಂಟು ಮೈಲಿ. ಟೌನ್‌ಶಿಪ್ ರೋಡ್ 502 ಎಂಬ ಪೂರ್ವ-ಪಶ್ಚಿಮ ರಸ್ತೆಯಲ್ಲಿ ಬಂದು, ರೇಂಜ್ ರೋಡ್ 22 ಎಂಬ ಉತ್ತರ-ದಕ್ಷಿಣ ರಸ್ತೆಯಲ್ಲಿ ಉತ್ತರಕ್ಕೆ ತಿರುಗಿದರೆ ಒಂದು ಮೈಲಿಯೊಳಗೆ ಮನೆ ಬಲಗಡೆಗೆ ಸಿಗುತ್ತದೆ. ನಾನು ಆ ಮನೆಯನ್ನು ನೋಡಿಲ್ಲ, ಅಂಕಿಗಳನ್ನು ಓದಿಯೇ ಹೇಳುತ್ತಿದ್ದೇನೆ.

ಹತ್ತು ಡಾಲರ್ ಶುಲ್ಕ ಕಟ್ಟಿದವನಿಗೆ ಒಂದು ಕ್ವಾರ್ಟರ್ ಬರೆದುಕೊಡುತ್ತಿದ್ದರು. ಮೂರು ವರ್ಷ, ವರ್ಷಕ್ಕೆ ಆರು ತಿಂಗಳಾದರೂ ಅಲ್ಲೇ ವಾಸವಿದ್ದು, ಮನೆ ಕಟ್ಟಿ, ಗೊತ್ತುಮಾಡಿದಷ್ಟು ನೆಲವನ್ನು ಉತ್ತು ತೋರಿಸಿದರೆ ಹಕ್ಕುಪತ್ರ ಕೈಗೆ ಬರುತ್ತಿತ್ತು. ‘ಅಲ್ಲೇ ವಾಸ’ ಎಂಬ ಷರತ್ತನ್ನು ಗಮನಿಸಿ. ನಮ್ಮಂತೆ ಊರೊಳಗೆ ಒತ್ತಾಗಿ ಮನೆ ಕಟ್ಟಿಕೊಂಡು ಬೆಳಗ್ಗೆ ಎತ್ತು ಹೊಡೆದುಕೊಂಡು ಹೊಲಕ್ಕೆ ಹೋಗುವ ಪದ್ಧತಿಗೆ ಈ ಕಾನೂನಿನಲ್ಲಿ ಎಡೆಯೇ ಇರಲಿಲ್ಲ. ಸಾಲದ್ದಕ್ಕೆ, ಹೀಗೆ ಹಂಚುತ್ತಿದ್ದುದು ಬಹುಮಟ್ಟಿಗೆ ಸಮಸಂಖ್ಯೆಯ ಸೆಕ್ಷನ್‌ಗಳನ್ನು ಮಾತ್ರ; ಬೆಸಸಂಖ್ಯೆಯವು ರೈಲ್ವೆ ಕಂಪನಿಗಳ ಪಾಲಿಗೆ, 11 ಮತ್ತು 29 ಶಾಲೆಗಳ ಖರ್ಚಿಗೆ, 8 ಮತ್ತು 26ರ ಬಹುಪಾಲು ತುಪ್ಪಳ ವ್ಯಾಪಾರದ ಹಡ್ಸನ್ಸ್ ಬೇ ಕಂಪನಿಗೆ ಮೀಸಲು. ನೆರೆಯವನ ದೀಪ ದೂರದಲ್ಲಿ ಮಿಣುಕುವುದಕ್ಕೆ ಇಲ್ಲಿನವರ ಸ್ವಭಾವ ಕಾರಣವಲ್ಲ, ಕಾನೂನು ಕಾರಣ.

ಈ ನೆಲ ಖಾಲಿ ಬಿದ್ದಿತ್ತೆಂದು ತಿಳಿಯಬೇಡಿ. ಇದು ಕ್ರೀ ಎಂಬ ಮೂಲನಿವಾಸಿ ಜನರ ಬೇಟೆಯ ಬಯಲು. ಸರ್ಕಾರದೊಡನೆ 1876ರ ಆರನೆಯ ಒಪ್ಪಂದವಾದ ಕೆಲವೇ ವರ್ಷಗಳಲ್ಲಿ ಕಾಡೆಮ್ಮೆಯ ಹಿಂಡುಗಳು ಇಲ್ಲವಾಗಿ, ಹಸಿವಿನಿಂದ ಕಂಗೆಟ್ಟ ಅವರನ್ನು ಮೀಸಲು ಜಾಗಗಳಿಗೆ ಸೇರಿಸಲಾಯಿತು. ಊರಿನ ಉತ್ತರಕ್ಕಿರುವ ಆನಿಯನ್ ಲೇಕ್ ಅವರದೇ. ಬಂದ ಮೇಲೆ ಹೋಗಿ ನೋಡಿ.

ಇನ್ನು ಊರು ಕಟ್ಟಿದವರ ಕಥೆ. ಐಸಾಕ್ ಬಾರ್ ಎಂಬ ಪಾದ್ರಿ ಇಂಗ್ಲೆಂಡಿನಲ್ಲಿ ಜಾಹೀರಾತು ಹೊರಡಿಸಿ ಸುಮಾರು ಎರಡು ಸಾವಿರ ಜನರನ್ನು ಕೂಡಿಸಿದ. 1903ರ ಮಾರ್ಚ್ 31ರಂದು ಲಿವರ್‌ಪೂಲ್‌ನಿಂದ ಹೊರಟ ‘ಲೇಕ್ ಮ್ಯಾನಿಟೋಬಾ’ ಹಡಗಿನಲ್ಲಿ ಅದರ ಅಳತೆಗೆ ಮೀರಿದಷ್ಟು ಮಂದಿಯನ್ನು ತುಂಬಿದ್ದರು. ಅವರು ರೈಲಿನಿಂದ ಇಳಿದ ಸಾಸ್ಕಟೂನ್, ಎರಡು ವರ್ಷ ಹಿಂದಿನ ಜನಗಣತಿಯಲ್ಲಿ 113 ಜನರಿದ್ದ ಹಳ್ಳಿ. ಅಲ್ಲಿಂದ ಮುಂದಕ್ಕೆ ಸುಮಾರು 200 ಮೈಲಿ ಎತ್ತು, ಕುದುರೆ ಕಟ್ಟಿದ ಬಂಡಿಗಳೇ ಗತಿ. ಬಂದವರಲ್ಲಿ ಬಹಳ ಮಂದಿ ಪಟ್ಟಣದ ಗುಮಾಸ್ತರು, ಅಂಗಡಿಯವರು. ಎತ್ತಿಗೆ ನೊಗ ಹೂಡುವುದು ಹೇಗೆಂದು ತಿಳಿಯದವರು. ಹಿಮ ಕರಗಿ ಕೆಸರಾದ ದಾರಿಯಲ್ಲಿ ಬಂಡಿಗಳು ಗಾಲಿಯ ನಡುವಿನವರೆಗೆ ಹೂತು, ಇಂಗ್ಲೆಂಡಿನಿಂದ ಹೊತ್ತು ತಂದ ಮನೆಸಾಮಾನುಗಳನ್ನು ಹಾದಿಯಲ್ಲೇ ಇಳಿಸಿ ಹಗುರಾಗಬೇಕಾಯಿತು. ಹೇಳಿದ ಸೌಕರ್ಯಗಳಾವುವೂ ಸಿಗದೆ ಜನ ರೊಚ್ಚಿಗೆದ್ದು ಬಾರ್‌ನನ್ನು ಇಳಿಸಿ, ಜೊತೆಯಲ್ಲಿ ಬಂದಿದ್ದ ಜಾರ್ಜ್ ಎಕ್ಸ್‌ಟನ್ ಲಾಯ್ಡ್ ಎಂಬ ಪಾದ್ರಿಯನ್ನು ಮುಂದಾಳಾಗಿ ಮಾಡಿಕೊಂಡರು. ಊರಿಗೆ ಹೆಸರು ಬಂದದ್ದು ಅವರಿಂದ. 1905ರಲ್ಲಿ ರೈಲು ಬಂತು. ಅದೇ ವರ್ಷ ಆಲ್ಬರ್ಟಾ, ಸಾಸ್ಕಾಚವಾನ್ ಎಂಬ ಎರಡು ಪ್ರಾಂತಗಳಾಗಿ, ಅವುಗಳ ಗಡಿ ಸರಿಯಾಗಿ ಊರಿನ ನಡುವೆ ಹಾದುಹೋಯಿತು. ಎರಡು ಹೋಳಾದ ಊರು ಮತ್ತೆ ಒಂದಾದದ್ದು 1930ರಲ್ಲಿ. ಸಾಸ್ಕಾಚವಾನಿನ ಉಳಿದ ಬಹುಭಾಗದಲ್ಲಿ ಗಡಿಯಾರದ ಮುಳ್ಳನ್ನು ಋತುವಿಗೆ ತಕ್ಕಂತೆ ತಿರುಗಿಸುವುದಿಲ್ಲ. ಲಾಯ್ಡ್‌ಮಿನ್‌ಸ್ಟರ್‌ನಲ್ಲಿ ಮಾತ್ರ ಎರಡು ಕಡೆಯವರೂ ಆಲ್ಬರ್ಟಾದ ಹೊತ್ತನ್ನೇ ಪಾಲಿಸುತ್ತಾರೆ.

ಒಂದು ಮಾತನ್ನು ಮರೆಮಾಚಲಾರೆ. ನೊಗ ಹೂಡಲು ಬಾರದ ಆ ಗುಮಾಸ್ತನಿಗೆ ಹತ್ತು ಡಾಲರಿಗೆ 160 ಎಕರೆ ದೊರೆಯುತ್ತಿದ್ದ ಕಾಲದಲ್ಲೇ, ಅವನಂತೆಯೇ ಬ್ರಿಟಿಷ್ ಪ್ರಜೆಯಾಗಿದ್ದ ಭಾರತೀಯ ರೈತ ಬರದಂತೆ 1908ರಲ್ಲಿ ಬಾಗಿಲು ಹಾಕಿದರು: ಕೈಯಲ್ಲಿ 200 ಡಾಲರ್ ಇರಬೇಕು, ತಾಯ್ನಾಡಿನಿಂದ ಎಲ್ಲಿಯೂ ಇಳಿಯದೆ ನೇರವಾಗಿ ಪ್ರಯಾಣ ಮಾಡಿ ಬಂದಿರಬೇಕು. ನೇರ ಪ್ರಯಾಣಕ್ಕೆ ಹಡಗಿನ ಅನುಕೂಲವಿಲ್ಲ ಎಂಬುದು ನಿಯಮ ಮಾಡಿದವರಿಗೂ ಗೊತ್ತಿತ್ತು. ಆ ಲಾಯ್ಡ್ ಅವರೇ ಮುಂದೆ ಬಿಷಪ್ ಆಗಿ, ಬ್ರಿಟಿಷರಲ್ಲದ ವಲಸಿಗರ ವಿರುದ್ಧ ಪ್ರಚಾರ ಮಾಡಿದರು. ಅವರ ಹೆಸರು ಹೊತ್ತ ಊರಿನಲ್ಲಿ ಈಗ ಫಿಲಿಪೀನ್ಸಿನವರೂ ಪಂಜಾಬಿನವರೂ ಮನೆ ಮಾಡಿದ್ದಾರೆ, ನೀವೂ ಮಾಡಲಿದ್ದೀರಿ.

ಬಾಳಲು ಆದೀತೇ ಎಂಬುದಕ್ಕೆ ನನ್ನದೇ ಅನುಭವ ಹೇಳುತ್ತೇನೆ. ಮೊದಲ ಚಳಿಗಾಲದಲ್ಲಿ ಒಂದು ಸಂಜೆ ನನ್ನ ಕಾರು ಜಾರಿ ಚರಂಡಿಯ ಹಿಮದಲ್ಲಿ ಕೂತಿತು. ಪರಿಚಯದ ರೈತರೊಬ್ಬರಿಗೆ ಫೋನ್ ಮಾಡಿದೆ. “ಯಾವ ಕ್ವಾರ್ಟರಿನ ಹತ್ತಿರ?” ಎಂದು ಕೇಳಿದರು. ಸುತ್ತ ಬಿಳಿಯ ಬಯಲಿದೆ ಎಂಬುದನ್ನು ಬಿಟ್ಟು ನನಗೆ ಹೇಳಲು ಏನೂ ಇರಲಿಲ್ಲ. ಮೂರು ರಸ್ತೆಗಳನ್ನು ಸುತ್ತಿ ಹುಡುಕಿದ ಅವರ ಟ್ರ್ಯಾಕ್ಟರಿನ ದೀಪ ಕಾಣುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದು, ನನ್ನ ಕಾಲ್ಬೆರಳುಗಳು ಮರಗಟ್ಟಿದ್ದವು. ಸರಪಣಿ ಹಾಕಿ ಎಳೆದು ಕೊಟ್ಟರು. ಹಣ ಕೊಡಲು ಹೋದರೆ ಮುಖ ಸಿಂಡರಿಸಿದರು. ಮೈಲಿಗೊಂದು ಮನೆ ಇರುವ ಕಡೆ ಇಂದು ನಾನು, ನಾಳೆ ನೀನು ಎಂಬ ಲೆಕ್ಕ ನೂರು ವರ್ಷದಿಂದ ನಡೆದು ಬಂದಿದೆ. ಆದರೆ ಅವರು ತಾವಾಗಿ ಬಂದು ಬಾಗಿಲು ತಟ್ಟುವವರಲ್ಲ. ಮೊದಲ ವಾರವೇ ನೀವು ಹೋಗಿ ಗುರುತು ಹೇಳಿಕೊಳ್ಳಬೇಕು. ಬರಿಗೈಯಲ್ಲಿ ಹೋದರೂ ನಡೆಯುತ್ತದೆ.

ಸಾಧ್ಯವಾದರೆ ಮೇ ತಿಂಗಳಲ್ಲಿ ಬನ್ನಿ. ಮೈನಸ್ ನಲವತ್ತಕ್ಕೆ ಇಳಿಯುವ ಚಳಿಗೆ ಮುಂಚೆ ಮಗುವಿಗೆ ಐದಾರು ತಿಂಗಳು ಬಯಲಿನ ಬಿಸಿಲು ಸಿಗುತ್ತದೆ, ನಿಮ್ಮ ಮನೆಯವರಿಗೆ ಕಾರು ಓಡಿಸಲು ಕಲಿಯಲೂ ಪುರುಸೊತ್ತಾಗುತ್ತದೆ; ಅವರಿಗೆ ಕಾರು ಬಾರದಿದ್ದರೆ ಮಾತ್ರ ಈ ಮನೆ ಬೇಡ, ಊರೊಳಗೇ ಬಾಡಿಗೆಗೆ ನೋಡಿ. ಮನೆಯ ಆ ಅಂಕಿಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಒಂದು ಚೀಟಿಯನ್ನು ಫೋನಿನ ಪಕ್ಕದಲ್ಲೂ ಇನ್ನೊಂದನ್ನು ಕಾರಿನಲ್ಲೂ ಅಂಟಿಸಿ.