ಸಂಪಾದಕರ ಉತ್ತರ: ವಾಚ್ ಹೇಳುವ ನಿದ್ದೆಯನ್ನು ಎಷ್ಟು ನಂಬಬೇಕು?

ಪ್ರಿಯ ಓದುಗರೇ,

ಬೆಳಿಗ್ಗೆ ಏಳುವಾಗ ಮೈ ಹಗುರವಾಗಿರುತ್ತದೆ, ಆದರೆ ಸ್ಮಾರ್ಟ್‌ವಾಚ್ ‘ಗಾಢ ನಿದ್ದೆ 40 ನಿಮಿಷ’ ಅಂತ ತೋರಿಸಿದ್ದು ನೋಡಿದ ಮೇಲೆ ಇಡೀ ದಿನ ಸುಸ್ತು ಅಂತ ಬರೆದಿದ್ದೀರಿ. ಇನ್ನೂ ದುಬಾರಿ ವಾಚ್ ಕೊಂಡರೆ ಸರಿಯಾದ ಲೆಕ್ಕ ಸಿಗುತ್ತದಾ ಅಂತ ಕೇಳಿದ್ದೀರಿ. ಕೊಳ್ಳಬೇಡಿ. ಆ 40 ನಿಮಿಷವನ್ನು ಅಷ್ಟೊಂದು ನಂಬಲೂ ಬೇಡಿ.

ನಿದ್ದೆ ಯಾವ ಹಂತದಲ್ಲಿದೆ ಅನ್ನೋದು ಸರಿಯಾಗಿ ಗೊತ್ತಾಗಬೇಕಾದರೆ ಮೆದುಳಿನ ವಿದ್ಯುತ್ ಅಲೆಗಳನ್ನು ನೋಡಬೇಕು. ನಿದ್ದೆ ಪರೀಕ್ಷಿಸುವ ಲ್ಯಾಬ್‌ನಲ್ಲಿ ತಲೆಗೆ, ಕಣ್ಣಿನ ಪಕ್ಕಕ್ಕೆ, ಗದ್ದಕ್ಕೆ ವೈರ್ ಅಂಟಿಸಿ ರಾತ್ರಿಯಿಡೀ ದಾಖಲಿಸೋದು ಅದಕ್ಕೇ. ಮಣಿಕಟ್ಟಿನ ಮೇಲಿರುವ ವಾಚ್‌ಗೆ ಮೆದುಳು ಕಾಣುವುದೇ ಇಲ್ಲ. ಅದಕ್ಕೆ ಮುಖ್ಯವಾಗಿ ಸಿಗುವುದು ಎರಡೇ ಸುಳಿವು. ಕೈ ಎಷ್ಟು ಅಲುಗಾಡಿತು ಅನ್ನೋದು ಒಂದು. ಇನ್ನೊಂದು ನಾಡಿ: ವಾಚಿನ ಕೆಳಗೆ ಮಿನುಗುವ ಹಸಿರು ಬೆಳಕು ಚರ್ಮದೊಳಗೆ ಹೋಗುತ್ತದೆ, ರಕ್ತದ ಹರಿವು ಏರಿಳಿದಂತೆ ವಾಪಸ್ ಬರುವ ಬೆಳಕೂ ಹೆಚ್ಚು ಕಡಿಮೆಯಾಗುತ್ತದೆ, ಅದರಿಂದ ವಾಚ್ ಬಡಿತ ಎಣಿಸುತ್ತದೆ. ‘ಈಗ ಗಾಢ ನಿದ್ದೆ ಇರಬೇಕು’ ಅನ್ನೋದು ಇವೆರಡರ ಮೇಲೆ ಕಟ್ಟಿದ ಊಹೆ. ನೀವು ನಿದ್ದೆ ಬಾರದೆ, ಆದರೂ ಅಲುಗಾಡದೆ ಸುಮ್ನೆ ಮಲಗಿದ್ದರೆ ಅದನ್ನೂ ಎಷ್ಟೋ ಸಲ ನಿದ್ದೆಗೆ ಸೇರಿಸಿಬಿಡುತ್ತದೆ. ಮಲಗಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ ಅನ್ನೋದನ್ನು ಸುಮಾರಾಗಿ ಹಿಡಿಯುತ್ತದೆ. ಎಡವುವುದು ಹಂತಗಳ ಲೆಕ್ಕದಲ್ಲಿ. ವಯಸ್ಸಾದಂತೆ ಗಾಢ ನಿದ್ದೆ ಕಡಿಮೆಯಾಗುವುದೂ ಸಹಜವೇ.

ನಿಮ್ಮ ಕಳವಳ ನಿಮಗೊಬ್ಬರಿಗೇ ಬಂದದ್ದಲ್ಲ. ಅಂಕಿ ನೋಡಿ ನೋಡಿ ನಿದ್ದೆಯ ಬಗ್ಗೆ ಚಿಂತೆ ಹತ್ತಿಸಿಕೊಂಡವರ ಬಗ್ಗೆ 2017ರಲ್ಲೇ ಅಮೆರಿಕದ ನಿದ್ರಾ ತಜ್ಞರು ಬರೆದು, ಅದಕ್ಕೆ ‘ಆರ್ಥೋಸಾಮ್ನಿಯಾ’ ಅಂತ ಹೆಸರಿಟ್ಟರು. ಹಾಗೆ ಚಿಂತೆ ಹತ್ತಿಸಿಕೊಂಡವರಲ್ಲೊಬ್ಬರಿಗೆ ಲ್ಯಾಬ್‌ನಲ್ಲಿ ಗಾಢ ನಿದ್ದೆ ಬಂದದ್ದು ದಾಖಲಾಗಿತ್ತು, ಆದರೂ ಅವರು ನಂಬಿದ್ದು ಕೈಯಲ್ಲಿದ್ದ ಬ್ಯಾಂಡನ್ನೇ! ಹಾಗಾಗಿ ಒಂದು ತಿಂಗಳು ಬೆಳಗಿನ ಸ್ಕೋರ್ ನೋಡುವುದನ್ನು ಬಿಡಿ. ಮಲಗುವ, ಏಳುವ ಹೊತ್ತು ದಿನಾ ಒಂದೇ ಇದೆಯಾ, ಏಳು ಗಂಟೆ ನಿದ್ದೆಯಾದರೂ ಆಗುತ್ತಿದೆಯಾ ಅಂತ ವಾರಕ್ಕೊಮ್ಮೆ ನೋಡಿದರೆ ಸಾಕು.

ದಿನಕ್ಕೆ 10,000 ಹೆಜ್ಜೆ ಆಗುತ್ತಿಲ್ಲ ಅನ್ನೋ ಬೇಸರವನ್ನೂ ಬಿಡಿ. ಆ ಸಂಖ್ಯೆ ಜನಪ್ರಿಯವಾದದ್ದು 1965ರ ಸುಮಾರಿಗೆ ಜಪಾನಿನ ಕಂಪನಿಯೊಂದು ಮಾರಿದ ಹೆಜ್ಜೆ ಎಣಿಸುವ ಯಂತ್ರದಿಂದ, ವೈದ್ಯರ ಲೆಕ್ಕದಿಂದ ಅಲ್ಲ. 2019ರಲ್ಲಿ ಪ್ರಕಟವಾದ, ವಯಸ್ಸಾದ ಮಹಿಳೆಯರ ಮೇಲಿನ ಒಂದು ಅಧ್ಯಯನದಲ್ಲಿ ದಿನಕ್ಕೆ ಸುಮಾರು 4,400 ಹೆಜ್ಜೆ ಹಾಕುವವರಲ್ಲೂ ತೀರಾ ಕಡಿಮೆ ನಡೆಯುವವರಿಗಿಂತ ಸಾವಿನ ಪ್ರಮಾಣ ಕಡಿಮೆ ಇತ್ತು, 7,500ರ ನಂತರ ಹೆಚ್ಚೇನೂ ವ್ಯತ್ಯಾಸ ಕಾಣಲಿಲ್ಲ. ಇನ್ನು ವಾಚ್ ತೋರಿಸುವ ಕ್ಯಾಲೊರಿ ಲೆಕ್ಕ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಕೈಗೆ ಕಟ್ಟುವ ಏಳು ಸಾಧನಗಳನ್ನು ಪರೀಕ್ಷಿಸಿದಾಗ ಇದ್ದುದರಲ್ಲೇ ವಾಸಿ ಅನಿಸಿದ್ದೂ ಸರಾಸರಿ ಶೇ. 27ರಷ್ಟು ತಪ್ಪಿತ್ತು. ವಾಚ್ ಹೇಳಿತು ಅಂತ ಊಟ ಹೆಚ್ಚು ಕಡಿಮೆ ಮಾಡಬೇಡಿ.

ಆದರೆ ಪತ್ರದ ಕೊನೆಯಲ್ಲಿ ನೀವು ಬರೆದ ಒಂದು ಸಾಲು ನನ್ನನ್ನು ನಿಜವಾಗಿ ಚಿಂತೆಗೆ ಹಚ್ಚಿತು. ಗೊರಕೆ ಜಾಸ್ತಿ ಆಗಿದೆ, ಮಧ್ಯೆ ಉಸಿರೇ ನಿಂತಂತಾಗುತ್ತದೆ ಅಂತ ನಿಮ್ಮ ಹೆಂಡತಿ ಹೇಳುತ್ತಾರಲ್ಲ, ಅದನ್ನು ದಯವಿಟ್ಟು ತಳ್ಳಿಹಾಕಬೇಡಿ. ಅದು ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವ ಕಾಯಿಲೆ, ಇರಬಹುದು. ಚಿಕಿತ್ಸೆ ಸಿಗದಿದ್ದರೆ ಬಿಪಿ, ಹೃದಯದ ತೊಂದರೆ ಹೆಚ್ಚಬಹುದು. ಕೆಲವು ಹೊಸ ವಾಚ್‌ಗಳು ಇದರ ಸೂಚನೆ ಕೊಡುತ್ತವೆ ನಿಜ, ಆದರೆ ಸೂಚನೆ ಬರಲಿಲ್ಲ ಅಂದಮಾತ್ರಕ್ಕೆ ಕಾಯಿಲೆ ಇಲ್ಲ ಅಂತಲ್ಲ. ಈ ವಾರವೇ ಡಾಕ್ಟರನ್ನು ಕಾಣಿ. ಹೋಗುವಾಗ ಹೆಂಡತಿಯನ್ನೂ ಕರೆದುಕೊಂಡು ಹೋಗಿ, ರಾತ್ರಿ ಕಂಡದ್ದನ್ನು ಅವರೇ ಹೇಳಲಿ.

— ಸಂಪಾದಕ