ರಾಯದುರ್ಗದ ಮನೆಗೆ ನಾಲ್ಕು ರಾಜಧಾನಿ

ಬಳ್ಳಾರಿಯ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ನನಗೀಗ ಎಂಬತ್ತರ ಹತ್ತಿರ. ತವರು ರಾಯದುರ್ಗ, ಮದುವೆಯಾಗಿ ಬಂದದ್ದು ಬಳ್ಳಾರಿಗೆ. ಮೊಮ್ಮಗಳ ಹತ್ತಿರ ಎರಡು ಪುಸ್ತಕ ಇವೆ. ಒಂದರಲ್ಲಿ ಆಂಧ್ರದ ರಾಜಧಾನಿ ಹೈದರಾಬಾದು ಅಂತಿದೆ, ಇನ್ನೊಂದರಲ್ಲಿ ಅಮರಾವತಿ. ನಾನು ಮೂರನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದು ಕರ್ನೂಲು. 'ಅಜ್ಜೀ, ಇದರಲ್ಲಿ ಯಾವುದು ತಪ್ಪು?' ಅಂತ ಕೇಳ್ತಾಳೆ. ನಮ್ಮಪ್ಪ ಜಮೀನಿನ ಕೇಸಿಗೆ ಮದ್ರಾಸಿಗೆ ಓಡಾಡುತ್ತಿದ್ದರು. ಕಾಗದದ ಗಂಟಿಗೆ ಒಂದು ಚೀಟಿ ಕಟ್ಟಿ 'ಮದ್ರಾಸು' ಅಂತ ಬರೆದಿದ್ದರು. ಆಮೇಲೆ ಅದನ್ನು ಹೊಡೆದು 'ಗುಂಟೂರು' ಅಂತ ಬರೆದರು. ಅದನ್ನೂ ಹೊಡೆದು 'ಹೈದರಾಬಾದು'. ಆ ಗಂಟು ಈಗಲೂ ಅಟ್ಟದ ಮೇಲಿದೆ. ರಾಜಧಾನಿ ಅಂದ್ರೆ ಹೀಗೆ ಮನಸ್ಸು ಬಂದಾಗ ಎತ್ತಿಕೊಂಡು ಹೋಗುವ ವಸ್ತುವಾ?"

ಅಮ್ಮಾ,

ಮೊದಲು ಮೊಮ್ಮಗಳಿಗೆ ಉತ್ತರ ಹೇಳಿಬಿಡ್ತೀನಿ. ಮೂರರಲ್ಲಿ ಯಾವುದೂ ತಪ್ಪಿಲ್ಲ. ಪುಸ್ತಕ ಯಾವ ವರ್ಷದ್ದು ಅಂತ ನೋಡಬೇಕು, ಅಷ್ಟೇ. 1953ರ ಅಕ್ಟೋಬರ್ 1ರಿಂದ ಮೂರು ವರ್ಷ ಕರ್ನೂಲು. 1956ರ ನವೆಂಬರ್ 1ರಿಂದ ಹೈದರಾಬಾದು. 2014ರ ಜೂನ್ 2ರಂದು ತೆಲಂಗಾಣ ಬೇರೆಯಾದಾಗ, ಹತ್ತು ವರ್ಷ ಮೀರದಂತೆ ಹೈದರಾಬಾದು ಎರಡೂ ರಾಜ್ಯಗಳಿಗೆ ಜಂಟಿ ರಾಜಧಾನಿ ಅಂತ ಕಾನೂನೇ ಹೇಳಿತು. ಆ ಗಡುವು 2024ರ ಜೂನ್‌ನಲ್ಲಿ ಮುಗಿಯಿತು. ಈಗ ಪರೀಕ್ಷೆಯಲ್ಲಿ ಬರೆಯಬೇಕಾದದ್ದು ಅಮರಾವತಿ.

ನಿಮ್ಮ ಪ್ರಶ್ನೆಗೆ ಇಷ್ಟು ಬೇಗ ಉತ್ತರ ಹೇಳಿ ಮುಗಿಸೋಕೆ ಆಗಲ್ಲ. ಆ ಚೀಟಿಯ ವಿಷಯ ಓದಿ ಪತ್ರವನ್ನು ಸ್ವಲ್ಪ ಹೊತ್ತು ಮೇಜಿನ ಮೇಲಿಟ್ಟು ಸುಮ್ನೆ ಕೂತಿದ್ದೆ. ರಾಜಧಾನಿ ಬದಲಾದ ಚರಿತ್ರೆಯನ್ನು ನಾವೆಲ್ಲ ರಾಜರ, ಮಂತ್ರಿಗಳ ಕಡೆಯಿಂದ ಓದಿಕೊಂಡು ಬಂದಿದ್ದೇವೆ. ನಿಮ್ಮಪ್ಪ ಅದನ್ನು ಒಂದು ಚೀಟಿಯ ಮೇಲೆ, ಕೇಸು ನಡೆಸುವ ರೈತನ ಕಡೆಯಿಂದ ಬರೆದಿಟ್ಟಿದ್ದಾರೆ.

ಮನಸ್ಸು ಬಂದಾಗ ಎತ್ತಿಕೊಂಡು ಹೋದದ್ದು ಅಂತ ನಿಮಗೆ ಅನ್ನಿಸೋದು ಸಹಜ. ಕರ್ನೂಲಿನ ವಿಷಯದಲ್ಲಿ ಮಾತ್ರ ಹಾಗಾಗಲಿಲ್ಲ. ಅದರ ಹಿಂದೆ ಒಂದು ಮಾತುಕತೆ ಇತ್ತು. ಮದ್ರಾಸಿನಲ್ಲಿ ಕಾಶೀನಾಥುನಿ ನಾಗೇಶ್ವರರಾವ್ ಅವರ ಮನೆ ಇತ್ತು. ನಾವೆಲ್ಲ ತಲೆನೋವಿಗೆ ಹಚ್ಚಿಕೊಂಡ ಅಮೃತಾಂಜನ ಮಾಡಿದವರು ಅವರೇ. ಮನೆಯ ಹೆಸರು ಶ್ರೀಬಾಗ್. 1937ರ ನವೆಂಬರ್‌ನಲ್ಲಿ ಕರಾವಳಿ ಆಂಧ್ರದ ಮುಖಂಡರೂ ಕರ್ನೂಲು ಇರುವ ಒಳನಾಡಾದ ರಾಯಲಸೀಮೆಯ ಮುಖಂಡರೂ ಅಲ್ಲಿ ಕೂತರು. ರಾಯಲಸೀಮೆಯವರಿಗೆ ಒಂದು ಭಯ ಇತ್ತು. ಕೃಷ್ಣಾ, ಗೋದಾವರಿ ಬಯಲಿನವರು ನೀರು, ದುಡ್ಡು, ಓದು ಎಲ್ಲದರಲ್ಲೂ ಮುಂದಿದ್ದಾರೆ. ನಾಳೆ ತೆಲುಗರ ರಾಜ್ಯ ಅಂತ ಆದರೆ ನಮ್ಮನ್ನು ಕೇಳೋರು ಯಾರು? ಅದಕ್ಕೇ ಒಂದು ಒಪ್ಪಂದ ಆಯಿತು. ರಾಜಧಾನಿ ಒಂದು ಕಡೆ, ಹೈಕೋರ್ಟ್ ಇನ್ನೊಂದು ಕಡೆ. ಎರಡರಲ್ಲಿ ಯಾವುದು ಬೇಕೋ ಅದನ್ನು ರಾಯಲಸೀಮೆಯವರು ಮೊದಲು ಆರಿಸಿಕೊಳ್ಳಬೇಕು.

ಹದಿನಾರು ವರ್ಷ ಆ ಮಾತು ಕಾಗದದ ಮೇಲೇ ಇತ್ತು. 1952ರ ಅಕ್ಟೋಬರ್‌ನಲ್ಲಿ ಪೊಟ್ಟಿ ಶ್ರೀರಾಮುಲು ತೆಲುಗರಿಗೆ ಬೇರೆ ರಾಜ್ಯ ಬೇಕು ಅಂತ ಮದ್ರಾಸಿನಲ್ಲಿ ಉಪವಾಸ ಕೂತರು. ಡಿಸೆಂಬರ್ 15ರಂದು ಪ್ರಾಣ ಬಿಟ್ಟರು. ನಾಲ್ಕೇ ದಿನಕ್ಕೆ ನೆಹರೂ ಆಂಧ್ರ ರಾಜ್ಯ ಕೊಡುತ್ತೇವೆ ಅಂತ ಘೋಷಿಸಿದರು. ಆದರೆ ತೆಲುಗರು 'ಮದ್ರಾಸು ಮನದೇ', ಅಂದರೆ ಮದ್ರಾಸು ನಮ್ಮದೇ, ಅಂತ ಕೂಗಿದ ಆ ಮದ್ರಾಸು ಮಾತ್ರ ಸಿಗಲಿಲ್ಲ. ರಾಜ್ಯ ಬಂತು, ರಾಜಧಾನಿ ಇಲ್ಲ. ಆಗ ರಾಯಲಸೀಮೆಯವರು ಶ್ರೀಬಾಗ್ ಒಪ್ಪಂದವನ್ನು ನೆನಪಿಸಿದರು. ರಾಜಧಾನಿ ನಮಗೆ ಅಂದರು. ಕರ್ನೂಲು ಆಯ್ಕೆಯಾಯಿತು.

ಕರ್ನೂಲಿನಲ್ಲಿ ಏನಿತ್ತು? ತುಂಗಭದ್ರೆ ಇತ್ತು. ಹಳೆಯ ಕೋಟೆಯ ಕೊಂಡಾರೆಡ್ಡಿ ಬುರುಜು ಇತ್ತು. ಒಂದು ಸರ್ಕಾರ ಕೂರುವಷ್ಟು ಕಟ್ಟಡಗಳು ಇರಲಿಲ್ಲ. ಡೇರೆ ಹಾಕಿದರು. ಕಾರಕೂನರು ಬಟ್ಟೆಯ ಸೂರಿನ ಕೆಳಗೆ ಕೂತು ರಾಜ್ಯದ ಲೆಕ್ಕ ಬರೆದರು. ರಾಯಲಸೀಮೆಯ ಬಿಸಿಲು ನಿಮಗೆ ನಾನು ಹೇಳಬೇಕಾಗಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಡೇರೆಯೊಳಗೆ ಕೂತು ಫೈಲು ನೋಡೋದು ಅಂದರೆ ಹೇಗಿದ್ದೀತು ಅಂತ ಯೋಚನೆ ಮಾಡಿ. ಟಂಗುಟೂರಿ ಪ್ರಕಾಶಂ ಅವರ ಮೊದಲ ಮಂತ್ರಿಮಂಡಲ ಆಡಳಿತ ಶುರು ಮಾಡಿದ್ದು ಆ ಊರಿನಲ್ಲಿ. ಒಪ್ಪಂದದಂತೆ ಹೈಕೋರ್ಟ್ ಕರಾವಳಿಗೆ, ಅಂದರೆ ಗುಂಟೂರಿಗೆ ಹೋಯಿತು. 1954ರಲ್ಲಿ ಅಲ್ಲಿ ಕೋರ್ಟು ಶುರುವಾಯಿತು. ನಿಮ್ಮಪ್ಪ 'ಮದ್ರಾಸು' ಹೊಡೆದು 'ಗುಂಟೂರು' ಬರೆದದ್ದು ಆಗಲೇ ಇರಬೇಕು.

ಇನ್ನು ಬಳ್ಳಾರಿಯ ಮಾತು. ರಾಯದುರ್ಗವೂ ಬಳ್ಳಾರಿಯೂ ಅಲ್ಲಿಯವರೆಗೆ ಒಂದೇ ಜಿಲ್ಲೆ, ಎರಡಕ್ಕೂ ಮದ್ರಾಸೇ ರಾಜಧಾನಿ. 1953ರ ಅದೇ ಅಕ್ಟೋಬರ್ 1ರಂದು ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಸಂಡೂರು ಮೈಸೂರು ರಾಜ್ಯಕ್ಕೆ ಬಂದವು. ಬಳ್ಳಾರಿ ತಾಲ್ಲೂಕಿಗಾಗಿ ಜಗಳ ಜೋರಾಗಿತ್ತು. ಅದನ್ನು ತೀರ್ಮಾನಿಸೋಕೆ ಮಿಶ್ರಾ ಆಯೋಗವನ್ನೇ ಮಾಡಬೇಕಾಯಿತು. ಹೀಗೆ ಐವತ್ತು ಕಿಲೋಮೀಟರ್ ಅಂತರದ ಎರಡು ಊರುಗಳಲ್ಲಿ ಒಂದಕ್ಕೆ ಕರ್ನೂಲು ರಾಜಧಾನಿಯಾಯಿತು, ಇನ್ನೊಂದಕ್ಕೆ ಬೆಂಗಳೂರು. ನೀವು ಮದುವೆಯಾಗಿ ಬಂದಾಗ ಗಂಡನ ಮನೆಯ ಜೊತೆಗೆ ಹೊಸ ರಾಜಧಾನಿಯೂ ನಿಮಗೆ ಸಿಕ್ಕಿತು. ತವರಿನಲ್ಲಿ ಉಳಿದವರು ಮನೆ ಬಿಟ್ಟು ಕದಲಲಿಲ್ಲ. ಆದರೂ ಮದ್ರಾಸು, ಕರ್ನೂಲು, ಹೈದರಾಬಾದು, ಅಮರಾವತಿ ಅಂತ ನಾಲ್ಕು ರಾಜಧಾನಿ ಕಂಡರು.

ನನಗೆ ಈ ವಿಷಯ ಇಷ್ಟು ಮನಸ್ಸಿಗೆ ಹತ್ತಿರ ಯಾಕೆ ಅಂದ್ರೆ, ನಾನು ಬೀದರ್ ಜಿಲ್ಲೆಯವನು. 1956ಕ್ಕೆ ಮೊದಲು ನಮ್ಮ ಕಡೆಯವರಿಗೆ ರಾಜಧಾನಿ ಹೈದರಾಬಾದು. ಬೀದರಿನಿಂದ ಸುಮಾರು 140 ಕಿಲೋಮೀಟರ್. ಧಾರವಾಡ, ಬೆಳಗಾವಿ, ವಿಜಯಪುರದವರಿಗೆ ಮುಂಬಯಿ. ಮಂಗಳೂರಿನವರಿಗೆ ಮದ್ರಾಸು. ಕೊಡಗಿನವರಿಗಂತೂ ಮಡಿಕೇರಿಯೇ ರಾಜಧಾನಿ, ಅವರದ್ದೇ ವಿಧಾನಸಭೆ, ಅವರದ್ದೇ ಮುಖ್ಯಮಂತ್ರಿ. ನವೆಂಬರ್ 1ರಂದು ಎಲ್ಲರಿಗೂ ಬೆಂಗಳೂರು ಬಂತು. ನಮ್ಮಜ್ಜ ಕನ್ನಡನಾಡು ಒಂದಾಯಿತು ಅಂತ ಆ ದಿನ ಊರಿಗೆಲ್ಲ ಬೆಲ್ಲ ಹಂಚಿದವರು. ಅವರಿಗೆ ಅದರಲ್ಲಿ ಕಿಂಚಿತ್ತೂ ಬೇಸರ ಇರಲಿಲ್ಲ, ನನಗೂ ಇಲ್ಲ. ಆದರೆ ಬೆಂಗಳೂರು ನಮಗೆ ಸುಮಾರು 700 ಕಿಲೋಮೀಟರ್ ದೂರ. ನಮ್ಮಪ್ಪ ಪಿಂಚಣಿಯ ಒಂದು ಸಹಿಗಾಗಿ ಅಲ್ಲಿಯ ಒಂದು ಕಚೇರಿಗೆ ಮೂರು ಸಲ ಹೋಗಿಬಂದರು. ಮೊದಲ ಸಲ ಸಾಹೇಬರು ರಜೆ. ಎರಡನೇ ಸಲ ಒಂದು ಕಾಗದ ಕಡಿಮೆ. ಮೂರನೇ ಸಲ ಸಹಿ ಆಯಿತು. ಪ್ರತಿ ಸಲವೂ ಅವ್ವ ಜೋಳದ ಕಟಕ ರೊಟ್ಟಿ, ಶೇಂಗಾ ಹಿಂಡಿ ಬಟ್ಟೆಯಲ್ಲಿ ಕಟ್ಟಿಕೊಡುತ್ತಿದ್ದರು. ದಾರಿಯಲ್ಲಿ ಹೋಟೆಲಿಗೆ ಕೊಡುವಷ್ಟು ದುಡ್ಡು ಇರುತ್ತಿರಲಿಲ್ಲ. ರಾಜಧಾನಿ ಅಂದ ಕೂಡಲೇ ನನಗೆ ವಿಧಾನಸೌಧದ ಗುಮ್ಮಟಕ್ಕಿಂತ ಮೊದಲು ಆ ರೊಟ್ಟಿಯ ಗಂಟು ನೆನಪಾಗುತ್ತದೆ.

ಬೆಂಗಳೂರೇ ಯಾಕೆ ರಾಜಧಾನಿ ಅಂತಲೂ ಮೊಮ್ಮಗಳು ನಾಳೆ ಕೇಳಬಹುದು. ಅದೂ ಹೇಳುವಂಥ ಕಥೆಯೇ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಗೆದ್ದು ಅದನ್ನು ರಾಜಧಾನಿ ಮಾಡಿಕೊಂಡರು. 1799ರಲ್ಲಿ ಟಿಪ್ಪು ಮಡಿದ ಮೇಲೆ ರಾಜಧಾನಿ ಮತ್ತೆ ಮೈಸೂರಿಗೆ ಬಂತು. ಬ್ರಿಟಿಷ್ ದಂಡು ಮಾತ್ರ ಶ್ರೀರಂಗಪಟ್ಟಣದಲ್ಲೇ ಇತ್ತು. ಅಲ್ಲಿಯ ಜ್ವರಕ್ಕೆ ಸಿಪಾಯಿಗಳು ಸಾಯತೊಡಗಿದರು. 1809ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಿದರು. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡಾಗ, ತಮ್ಮ ದಂಡು ಇದ್ದ ಊರಿನಲ್ಲೇ ಕಚೇರಿ ಇಟ್ಟರು. ಟಿಪ್ಪುವಿನ ಬೆಂಗಳೂರಿನ ಅರಮನೆಯ ಮರದ ಕಂಬಗಳ ನಡುವೆ ಸರ್ಕಾರದ ಮೇಜುಗಳು ಬಂದವು. 1868ರಲ್ಲಿ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡಕ್ಕೆ ಹೋದರು. ಹದಿನೆಂಟು ಇಲಾಖೆಗಳು ಸೇರಿದ್ದರಿಂದ ಅದು ಅಠಾರಾ ಕಚೇರಿ. ಈಗ ಅಲ್ಲಿ ಹೈಕೋರ್ಟ್ ಇದೆ. 1881ರಲ್ಲಿ ರಾಜ್ಯ ಒಡೆಯರಿಗೆ ವಾಪಸ್ ಬಂತು. ಅರಸರು ಮೈಸೂರಿನಲ್ಲಿ ಉಳಿದರು. ಕಚೇರಿ ಮಾತ್ರ ಬೆಂಗಳೂರು ಬಿಟ್ಟು ಬರಲೇ ಇಲ್ಲ. ನನ್ನ ಮಟ್ಟಿಗೆ ಸಿಂಹಾಸನಕ್ಕಿಂತ ಕಡತ ಜಾಸ್ತಿ ಭಾರ. ಅದು ಎಲ್ಲಿ ಬೇರು ಬಿಟ್ಟಿತೋ ರಾಜಧಾನಿ ಅಲ್ಲೇ.

ದಿಲ್ಲಿಯೂ ಜಗಳದಿಂದಲೇ ಮತ್ತೆ ರಾಜಧಾನಿಯಾಯಿತು. ಬಂಗಾಳ ಒಡೆದದ್ದಕ್ಕೆ ಕಲ್ಕತ್ತೆ ಹೊತ್ತಿ ಉರಿಯುತ್ತಿತ್ತು. 1911ರ ಡಿಸೆಂಬರ್ 12ರ ದಿಲ್ಲಿ ದರ್ಬಾರಿನಲ್ಲಿ ಐದನೇ ಜಾರ್ಜ್ ಬಂಗಾಳದ ವಿಭಜನೆಯನ್ನು ರದ್ದು ಮಾಡಿದರು. ಅದೇ ಉಸಿರಿನಲ್ಲಿ ರಾಜಧಾನಿಯನ್ನು ಕಲ್ಕತ್ತೆಯಿಂದ ದಿಲ್ಲಿಗೆ ಸಾಗಿಸಿದರು. ಹೊಸ ದಿಲ್ಲಿ ಉದ್ಘಾಟನೆಯಾಗಲು 1931 ಬಂತು. ಅದಾಗಿ ಹದಿನಾರು ವರ್ಷಕ್ಕೆ ಕಟ್ಟಿಸಿದವರೇ ದೇಶ ಬಿಟ್ಟರು.

ಒಡಿಶಾದವರು ಕಟಕ್ ಬಿಟ್ಟು ಭುವನೇಶ್ವರಕ್ಕೆ ಹೋದ ರೀತಿ ನನಗೆ ಇಷ್ಟ. 1948ರಲ್ಲಿ ನೆಹರೂ ಅಡಿಗಲ್ಲು ಹಾಕಿದರು. ನಗರದ ನಕ್ಷೆ ಮಾಡಿದ ಜರ್ಮನಿಯ ಆಟೊ ಕೋನಿಗ್ಸ್‌ಬರ್ಗರ್ ಅದಕ್ಕೆ ಮೊದಲು ನಮ್ಮ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದವರು. ಅಷ್ಟು ದೊಡ್ಡ ಹೊಸ ಊರು ಕಟ್ಟಿದರೂ ಹೈಕೋರ್ಟನ್ನು ಕಟಕ್‌ನಲ್ಲೇ ಬಿಟ್ಟರು. ಹಳೆಯ ಊರಿಗೆ ಮರ್ಯಾದೆ ಉಳಿಯಿತು, ವಕೀಲರ ಬೀದಿ ಉಳಿಯಿತು. ಜರ್ಮನಿಯಲ್ಲೂ 1991ರಲ್ಲಿ 338ಕ್ಕೆ 320 ಮತಗಳಿಂದ ಸಂಸತ್ತು ಬಾನ್ ಬಿಟ್ಟು ಬರ್ಲಿನ್‌ಗೆ ಹೋಗಲು ತೀರ್ಮಾನಿಸಿತು. ಆದರೆ ಕೆಲವು ಸಚಿವಾಲಯಗಳನ್ನು ಬಾನ್‌ನಲ್ಲೇ ಉಳಿಸಬೇಕು ಅಂತ ಕಾನೂನು ಮಾಡಿದರು. ಬಿಟ್ಟು ಹೋಗುವ ಊರಿನ ಬಗ್ಗೆ ಯೋಚಿಸಿದ್ದು ದೊಡ್ಡ ಮಾತು ಅಂತ ನನಗನ್ನಿಸುತ್ತದೆ.

ಕರ್ನೂಲಿನ ಬಗ್ಗೆ ಹಾಗೆ ಯಾರೂ ಯೋಚಿಸಲಿಲ್ಲ. 1956ರಲ್ಲಿ ನಿಜಾಮರು ಕಟ್ಟಿದ ಹೈದರಾಬಾದು ಸಿದ್ಧವಾಗಿ ಸಿಕ್ಕಿತು. ಡೇರೆ ಬಿಚ್ಚಿದರು. ಕಚೇರಿ ಅಲ್ಲಿಗೆ, ಗುಂಟೂರಿನ ಹೈಕೋರ್ಟೂ ಅಲ್ಲಿಗೆ. ಕರ್ನೂಲು ಬರೀ ಜಿಲ್ಲಾ ಕೇಂದ್ರವಾಯಿತು. ಮುಂದಿನ 58 ವರ್ಷ ಎಲ್ಲವನ್ನೂ ಒಂದೇ ಊರಿನಲ್ಲಿ ಪೇರಿಸಿದರು. 2014ರಲ್ಲಿ ಆ ಊರು ತೆಲಂಗಾಣದ ಪಾಲಾದಾಗ ಉಳಿದ ಆಂಧ್ರ 1953ರಂತೆಯೇ ಬರಿಗೈಯಲ್ಲಿ ನಿಂತಿತು.

ಅಮರಾವತಿಯ ವಿಷಯಕ್ಕೆ ಬಂದರೆ ನನಗೆ ಹೊಟ್ಟೆ ಉರಿಯುತ್ತದೆ. ಕೃಷ್ಣಾ ದಡದ ಕಪ್ಪು ನೆಲ, ವರ್ಷಕ್ಕೆ ಎರಡು ಮೂರು ಬೆಳೆ ಬರುವ ಭೂಮಿ. ಅಲ್ಲಿಯ ಸಾವಿರಾರು ರೈತರು 30,000 ಎಕರೆಗೂ ಹೆಚ್ಚು ಜಮೀನನ್ನು ರಾಜಧಾನಿಗೆ ಅಂತ ಬರೆದುಕೊಟ್ಟರು. ಬದಲಿಗೆ ಹೊಸ ನಗರದಲ್ಲಿ ಸೈಟು, ಹತ್ತು ವರ್ಷ ವಾರ್ಷಿಕ ಕೌಲು, ಅಂದರೆ ಗೇಣಿ ಹಣ, ಅಂತ ಮಾತಾಗಿತ್ತು. 2015ರ ಅಕ್ಟೋಬರ್ 22ರಂದು ಅಡಿಗಲ್ಲು ಬಿತ್ತು. 2019ರಲ್ಲಿ ಬೇರೆ ಸರ್ಕಾರ ಬಂದು, 2020ರಲ್ಲಿ ಮೂರು ರಾಜಧಾನಿ ಅಂತ ಕಾನೂನು ಮಾಡಿತು. ಆಡಳಿತ ವಿಶಾಖಪಟ್ಟಣದಲ್ಲಿ, ವಿಧಾನಸಭೆ ಅಮರಾವತಿಯಲ್ಲಿ, ಹೈಕೋರ್ಟ್ ಕರ್ನೂಲಿನಲ್ಲಿ. ಹಂಚಿಕೊಡುವ ವಿಚಾರ ಕೆಟ್ಟದ್ದಲ್ಲ, ಶ್ರೀಬಾಗ್‌ನಲ್ಲಿ ಆದದ್ದೂ ಅದೇ ಅಲ್ವಾ? ಆದರೆ ಶ್ರೀಬಾಗ್‌ನಲ್ಲಿ ಎದುರುಬದುರು ಕೂತು ಮಾತಾಡಿದ್ದರು. ಇಲ್ಲಿ ನೆಲ ಕೊಟ್ಟವರನ್ನು ಕೇಳಲಿಲ್ಲ. ನೇಗಿಲು ಇಳಿಸುವ ಹಾಗಿಲ್ಲ, ಸೈಟಿನಲ್ಲಿ ಮನೆಯೂ ಏಳಲಿಲ್ಲ. 2021ರ ಕೊನೆಗೆ ಆ ರೈತರು, ಜಾಸ್ತಿ ಹೆಂಗಸರೇ, ತಿರುಪತಿಯವರೆಗೆ ನಡೆದುಕೊಂಡು ಹೋದರು. ಅದೇ ವರ್ಷದ ನವೆಂಬರ್‌ನಲ್ಲಿ ಸರ್ಕಾರ ಕಾನೂನು ವಾಪಸ್ ತೆಗೆದುಕೊಂಡಿತು. 2022ರ ಮಾರ್ಚ್‌ನಲ್ಲಿ ಹೈಕೋರ್ಟ್ ರೈತರ ಪರ ತೀರ್ಪು ಕೊಟ್ಟಿತು. 2024ರಲ್ಲಿ ಮತ್ತೆ ಸರ್ಕಾರ ಬದಲಾಯಿತು, 2025ರ ಮೇ ತಿಂಗಳಲ್ಲಿ ಕೆಲಸಕ್ಕೆ ಮತ್ತೊಮ್ಮೆ ಚಾಲನೆ ಕೊಟ್ಟರು. ರಾಜಧಾನಿ ಎಲ್ಲಿರಬೇಕು ಅನ್ನೋದರಲ್ಲಿ ನೂರು ಅಭಿಪ್ರಾಯ ಇರಲಿ. ಆದರೆ ರೈತನ ಕೈಯಿಂದ ನೆಲ ಬರೆಸಿಕೊಂಡ ಮೇಲೆ ಐದು ವರ್ಷಕ್ಕೊಮ್ಮೆ ಮನಸ್ಸು ಬದಲಿಸುವ ಹಕ್ಕು ಯಾವ ಪಕ್ಷಕ್ಕೂ ಇಲ್ಲ ಅಂತ ನಾನು ಗಟ್ಟಿಯಾಗಿಯೇ ಹೇಳ್ತೀನಿ.

ನಮ್ಮಲ್ಲಿ ರಾಜಧಾನಿಯನ್ನು ಎತ್ತಿಡಬೇಕು ಅಂತ ನಾನು ಹೇಳುತ್ತಿಲ್ಲ. ದಾರಿ ಕಡಿಮೆ ಮಾಡಿ ಅಂತಷ್ಟೇ ಕೇಳ್ತೀನಿ. 2008ರಲ್ಲಿ ಧಾರವಾಡ, ಕಲಬುರಗಿಗಳಲ್ಲಿ ಹೈಕೋರ್ಟ್ ಪೀಠ ಶುರುವಾದಾಗ ನಮ್ಮ ಕಡೆ ಹಬ್ಬದ ಹಾಗಿತ್ತು. ಬೀದರಿನ ರೈತ ಬೆಳಗ್ಗೆ ಬಸ್ಸು ಹತ್ತಿ ಕಲಬುರಗಿಗೆ ಹೋಗಿ, ವಕೀಲರನ್ನು ಕಂಡು, ರಾತ್ರಿ ಊಟಕ್ಕೆ ಮನೆಗೆ ಬರಬಹುದು. 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧವೂ ಎದ್ದಿತು. ಅಲ್ಲಿ ವರ್ಷಕ್ಕೊಂದು ಅಧಿವೇಶನ ನಡೆಸಿ ಬಂದರೆ ಸಾಲದು. ಸಹಿ ಹಾಕುವ ಅಧಿಕಾರ ಇರುವವರು ವರ್ಷವಿಡೀ ಅಲ್ಲಿ ಕೂರಬೇಕು.

ಕೊನೆಗೆ ನಿಮ್ಮ ಅಟ್ಟದ ಗಂಟು. ಆಂಧ್ರದ ಹೈಕೋರ್ಟ್ 2019ರ ಜನವರಿ 1ರಿಂದ ಅಮರಾವತಿಯಲ್ಲಿದೆ. ಕೇಸು ಇನ್ನೂ ನಡೆಯುತ್ತಿದ್ದರೆ ಆ ಚೀಟಿಯಲ್ಲಿ 'ಹೈದರಾಬಾದು' ಕೂಡ ಹೊಡೆದುಹೋಗಿ ನಾಲ್ಕನೇ ಹೆಸರು ಸೇರುತ್ತಿತ್ತು. ಮೊಮ್ಮಗಳ ಕೈಯಲ್ಲಿ ಗಂಟು ಇಳಿಸಿ ಚೀಟಿಯ ಫೋಟೊ ತೆಗೆಸಿ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಮಿಕ್ಕ ಕಾಗದ ನಿಮ್ಮ ಮನೆಯವು, ಅವನ್ನು ಕಳಿಸಬೇಡಿ. ಇನ್ನೊಂದು ಮಾತು. ಆ ಜಮೀನು ಕೊನೆಗೆ ನಿಮ್ಮಪ್ಪನಿಗೆ ದಕ್ಕಿತೋ ಇಲ್ಲವೋ ಅಂತ ನೀವು ಬರೆದೇ ಇಲ್ಲ. ದಯವಿಟ್ಟು ತಿಳಿಸಿ.